ಡಬ್ಲ್ಯೂ123ರ ಹಿಂದಿನ ಶಾಕ್ಸ್: ಅರ್ಧ ಕೆಲಸ ಸೀಟಿನದ್ದು

‘ರಿಯರ್ ಶಾಕ್ಸ್ ಎರಡೂ ಚೇಂಜ್. ಲೇಬರ್: ಒಂದು ಗಂಟೆ.’ ಹಳೇ ಮರ್ಸಿಡಿಸ್ 300ಡಿ ಸೆಡಾನ್ (ಬಾಡಿ ಕೋಡ್ ಡಬ್ಲ್ಯೂ123) ಗ್ಯಾರೇಜಿನ ರಿಪೇರಿ ಬೇಗೆ ಬಂದಾಗ ಜಾಬ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು. ಗಾಡಿ ಒಳಗೆ ತೆಗೆದುಕೊಂಡು ಎಸ್ಟಿಮೇಟ್ ಬರೆಯುವ ಸರ್ವಿಸ್ ಅಡ್ವೈಸರ್‌ಗಳು ಈಗಿನ ಹ್ಯಾಚ್‌ಬ್ಯಾಕ್ ಲೆಕ್ಕವನ್ನೇ 1976ರಲ್ಲಿ ಶುರುವಾದ ಮಾಡೆಲ್‌ಗೂ ಹಾಕುತ್ತಾರೆ. ಎಲ್ಲ ಸರಿಯಾಗಿ ನಡೆದರೂ ಈ ಕೆಲಸಕ್ಕೆ ಅರ್ಧ ದಿನ ಬೇಕು. ಆವತ್ತು ಸರಿಯಾಗಿ ನಡೆಯಲೂ ಇಲ್ಲ.

ಈ ಸೆಡಾನ್‌ನಲ್ಲಿ ಶಾಕ್‌ನ ಮೇಲ್ತುದಿ ಇರೋದು ಹಿಂದಿನ ಸೀಟಿನ ಬೆನ್ನಿನ ಹಿಂದೆ, ವೀಲ್ ಆರ್ಚ್ ಮೇಲೆ. ಡಿಕ್ಕಿ ಕಡೆಯಿಂದ ಕೈ ಹಾಕೋಣ ಅಂದರೆ ಅಲ್ಲಿ ಫ್ಯುಯೆಲ್ ಟ್ಯಾಂಕ್ ನೆಟ್ಟಗೆ ನಿಂತಿದೆ. ಹಾಗಾಗಿ ಸೀಟ್ ಬಿಚ್ಚದೆ ದಾರಿಯಿಲ್ಲ. ಮೊದಲು ಕುಷನ್: ಮುಂಭಾಗದ ಕೆಳ ಅಂಚಿನಲ್ಲಿ ಎರಡೂ ಬದಿಗೆ ಲಾಕ್ ಇದೆ, ಅದನ್ನು ಬಿಡಿಸಿ ಮುಂದಿನ ಅಂಚು ಎತ್ತಿ ಎಳೆದರೆ ಬರುತ್ತೆ. ಆಮೇಲೆ ಬೆನ್ನು: ಕೆಳಗಿನ ಫಿಕ್ಸಿಂಗ್ ಬಿಚ್ಚಿ ನೇರ ಮೇಲಕ್ಕೆ ಎತ್ತಬೇಕು, ಹಿಂದಿನ ಕೊಕ್ಕೆಗಳಿಂದ ಕಳಚಿಕೊಳ್ಳುತ್ತೆ. ಮುಂದಕ್ಕೆ ಜಗ್ಗಿದರೆ ಕೊಕ್ಕೆ ಬಾಗುತ್ತೆ. ಒಬ್ಬರೇ ಎತ್ತಬೇಡಿ. ವಾಲಿದ ಕೂಡಲೇ ಮೂಲೆ ಹೋಗಿ ಡೋರ್ ಟ್ರಿಮ್‌ಗೆ ಗೀರು ಹಾಕುತ್ತೆ.

ಸೀಟಿನ ಒಳಗಿರೋದು ಸ್ಪ್ರಿಂಗ್ ಮತ್ತು ನಾರಿನ ಪ್ಯಾಡ್. ನಲವತ್ತು ವರ್ಷ ಹಳೆಯ ನಾರು ಮುಟ್ಟಿದರೆ ಪುಡಿ ಉದುರುತ್ತೆ. ಬೆನ್ನನ್ನು ನೆಲಕ್ಕೆ ಮುಖ ಮಾಡಿ ಮಲಗಿಸಬೇಡಿ, ಹಳೇ ವಿನೈಲ್ ಹೊಲಿಗೆ ಸಾಲಿನಲ್ಲೇ ಸೀಳುತ್ತೆ. ಚಳಿಗಾಲದ ಬೆಳಿಗ್ಗೆಯಾದರೆ ಗಾಡಿಯನ್ನು ಒಂದಿಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಶುರು ಮಾಡೋದು ಒಳ್ಳೆಯದು. ಒಮ್ಮೆ ಸೀಳಿತು ಅಂದರೆ ಕುಷನ್ ಕೆಲಸದವರ ಹತ್ತಿರ ಹೋಗಬೇಕು. ಅದೇ ಬಣ್ಣ, ಅದೇ ಗೆರೆಯ ವಿನೈಲ್ ಹುಡುಕಿ ಬೆಂಗಳೂರಿನ ಗಾಡಿ ಸಾಮಾನಿನ ಬೀದಿ ಜೆ.ಸಿ. ರೋಡ್ ಪೂರ್ತಿ ಅಲೆದರೂ ಸಿಗೋದು ಖಾತ್ರಿಯಿಲ್ಲ.

ಸೆಂಟ್ರಲ್ ಲಾಕಿಂಗ್ ಇರುವ ಗಾಡಿಯಾದರೆ ಇನ್ನೊಂದು ವಿಷಯ. ಅದು ವ್ಯಾಕ್ಯೂಮ್ (ಪೈಪಿನೊಳಗಿನ ಗಾಳಿ ಎಳೆತ) ಮೇಲೆ ನಡೆಯುವ ಲಾಕ್. ಡಿಕ್ಕಿಗೂ ಫ್ಯುಯೆಲ್ ಮುಚ್ಚಳಕ್ಕೂ ಹೋಗುವ ಸಣ್ಣ ಪ್ಲಾಸ್ಟಿಕ್ ಪೈಪುಗಳು ಈ ಹಿಂಬದಿಯಲ್ಲೇ ಹಾದು ಹೋಗುತ್ತವೆ, ವಯಸ್ಸಾಗಿ ಒಣ ಕಡ್ಡಿಯ ಹಾಗೆ ಪಟ್ ಅಂತ ಮುರಿಯುತ್ತವೆ. ಡೀಸೆಲ್ ಮಾಡೆಲ್‌ನಲ್ಲಿ ಕೀ ತಿರುಗಿಸಿದಾಗ ಎಂಜಿನ್ ಆಫ್ ಮಾಡುವುದೂ ವ್ಯಾಕ್ಯೂಮೇ. ಎಲ್ಲೋ ಲೀಕ್ ಆದರೆ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರಬಹುದು, ಬಾನೆಟ್ ತೆಗೆದು ಎಂಜಿನ್ ಮೇಲಿನ ಸ್ಟಾಪ್ ಲಿವರ್ ಒತ್ತಬೇಕಾಗುತ್ತೆ. ಶಾಕ್ ಹಾಕಿಸಲು ಬಿಟ್ಟ ಗಾಡಿ ಆಫ್ ಆಗ್ತಿಲ್ಲ ಅಂತ ಕಸ್ಟಮರ್ ಫೋನ್ ಮಾಡಿದರೆ ಅಡ್ವೈಸರ್‌ಗೆ ತಲೆಬುಡ ತಿಳಿಯಲ್ಲ. ನಮಗೆ ತಿಳಿದಿರಬೇಕು.

ಈಗ ನಟ್ಟಿನ ವಿಚಾರ. ರಬ್ಬರ್ ಕ್ಯಾಪ್ ತೆಗೆದರೆ ಕೆಳಗೆ ಒಂದರ ಮೇಲೊಂದು ಎರಡು ನಟ್, ಆಮೇಲೆ ಬಟ್ಟಲು ವಾಷರ್, ಅದರಡಿ ರಬ್ಬರ್ ಬುಷ್. ಮೇಲಿನದು ಲಾಕ್ ನಟ್, ಅದನ್ನು ಬಿಚ್ಚಿ ಕೆಳಗಿನದನ್ನು ತೆಗೆಯಬೇಕು. ನಟ್ ಕೂತಿರುವ ಶಾಕ್‌ನ ರಾಡ್ ತಿರುಗದ ಹಾಗೆ ಅದರ ತುದಿಯಲ್ಲೇ ಹಿಡಿಯಬೇಕು. ಇಂಪ್ಯಾಕ್ಟ್ ಗನ್ ಇಟ್ಟರೆ ಶಾಕ್ ಒಳಗೆ ರಾಡ್ ಗಿರಗಿರ ತಿರುಗುತ್ತೆ ಹೊರತು ನಟ್ ಬಿಚ್ಚಲ್ಲ. ಆ 300ಡಿಯಲ್ಲಿ ಎಡಗಡೆ ಸಲೀಸಾಗಿ ಬಂತು. ಬಲಗಡೆ ಕ್ಯಾಪೇ ಇರಲಿಲ್ಲ. ಹಿಂದಿನ ಗಾಜಿನ ರಬ್ಬರ್ ಸೋರಿ ನೀರು ಇಳಿದು ನಟ್ಟು, ರಾಡು ಎರಡೂ ಒಂದೇ ತುಕ್ಕಿನ ಮುದ್ದೆಯಾಗಿದ್ದವು. ತುದಿಯಲ್ಲಿ ಹಿಡಿತಕ್ಕೆಂದು ಇದ್ದ ಭಾಗವನ್ನು ಹಿಂದೆ ಯಾರೋ ಪ್ಲೈಯರ್ ಹಾಕಿ ದುಂಡಗೆ ಮಾಡಿಟ್ಟಿದ್ದರು.

ಡೆಲಿವರಿ ಸಂಜೆ ಅಂತ ಆಗಲೇ ಹೇಳಿಯಾಗಿತ್ತು, ಮೇಲಿಂದ ಎರಡು ಸಲ ಫೋನೂ ಬಂತು. ಪಕ್ಕದ ಬೇಯ ಹುಡುಗ ನಾಲ್ಕಿಂಚಿನ ಗ್ರೈಂಡರ್ ತಂದು ವೈರ್ ಎಳೆದೇ ಬಿಟ್ಟ. ಡಿಸ್ಕ್ ನಟ್ಟಿನ ಹತ್ತಿರ ಬಂದಾಗ ಬೇ ಇನ್‌ಚಾರ್ಜ್ ಪ್ಲಗ್ ಕಿತ್ತರು. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹತ್ತಿಕೊಳ್ಳಲ್ಲ ನಿಜ. ಆದರೆ ತಗಡಿನ ಆಚೆಗೇ ಟ್ಯಾಂಕ್, ಈಚೆಗೆ ತುಕ್ಕು ಸಡಿಲಿಸೋ ಪೆನೆಟ್ರೇಟಿಂಗ್ ಆಯಿಲ್ ಕುಡಿದ ಕಾರ್ಪೆಟ್, ಸುತ್ತ ಒಣಗಿದ ನಾರಿನ ಪುಡಿ. ಒಂದು ಕಿಡಿ ಸಾಕು. ಇದೇ ಬಾಡಿಯ ಪೆಟ್ರೋಲ್ ಗಾಡಿಯಲ್ಲಂತೂ ಯೋಚನೆಯನ್ನೂ ಮಾಡಬಾರದು. ಗ್ರೈಂಡರ್, ಗ್ಯಾಸ್ ಟಾರ್ಚ್ ಎರಡೂ ಈ ಜಾಗಕ್ಕೆ ಬರಬಾರದು. ಕೊನೆಗೆ ಕೆಲಸ ಮುಗಿಸಿದ್ದು ನಟ್ ಸೀಳುವ ಉಪಕರಣ, ನಟ್ ಸ್ಪ್ಲಿಟರ್: ನಟ್ಟಿನ ಒಂದು ಮಗ್ಗುಲಿಗೆ ಕಚ್ಚಿಸಿ, ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಆ ಉಪಕರಣ ಬೇಕು ಅಂತ ಇಂಡೆಂಟ್ ಬರೆದು ಎಷ್ಟೋ ಕಾಲವಾಗಿದ್ದರೂ ಸ್ಟೋರ್‌ನಲ್ಲಿ ಇರಲಿಲ್ಲ. ಪಕ್ಕದ ಗ್ಯಾರೇಜಿನಿಂದ ಕೇಳಿ ತಂದದ್ದು. ಹಿಂದಿನ ದಿನವೇ ಸೀಟ್ ಬಿಚ್ಚಿ ನಟ್ಟುಗಳಿಗೆ ಆಯಿಲ್ ಬಿಟ್ಟಿದ್ದರೆ ಅದೂ ಬೇಕಾಗುತ್ತಿರಲಿಲ್ಲವೋ ಏನೋ. ಹಳೇ ಗಾಡಿಯನ್ನು ರಾತ್ರಿ ನಿಲ್ಲಿಸಿಕೊಳ್ಳಿ ಅನ್ನೋದು ಇದಕ್ಕೇ.

ಶಾಕ್‌ನ ಕೆಳತುದಿಯ ಕೆಲಸದಲ್ಲಿ ಜನ ಎಡವೋದು ಬೋಲ್ಟಿನಲ್ಲಲ್ಲ, ಜಾಕಿಯಲ್ಲಿ. ಇದರಲ್ಲಿ ಕಾಯಿಲ್ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಗಾಡಿ ಎತ್ತಿದಾಗ ಚಕ್ರ ಹಿಡಿದಿರುವ ಟ್ರೇಲಿಂಗ್ ಆರ್ಮ್ ಎಷ್ಟು ಕೆಳಗೆ ಇಳಿಯಬೇಕು ಅನ್ನೋದನ್ನು ತಡೆದು ಹಿಡಿದಿರೋದು ಶಾಕೇ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಶಾಕ್ ಕಳಚಿದರೆ ಆರ್ಮ್ ಧಡ್ ಅಂತ ಬೀಳುತ್ತೆ, ಬ್ರೇಕ್ ಹೋಸ್ ಮತ್ತು ಆಕ್ಸಲ್ ಜಾಯಿಂಟ್ ಎರಡೂ ಜಗ್ಗುತ್ತವೆ, ಸ್ಪ್ರಿಂಗ್ ಜಾಗ ಬಿಟ್ಟು ಹಾರಲೂಬಹುದು. ಹಾಗಾಗಿ ಮೇಲಿನ ನಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಬಿಚ್ಚಿ. ಎತ್ತುವಾಗ ಗಾಡಿಯ ಬಾಡಿ ಅಡಿಗೆ ಸ್ಟ್ಯಾಂಡ್, ಆರ್ಮ್ ಅಡಿಗೆ ಇನ್ನೊಂದು ಜಾಕಿ. ಹಳೇ ಶಾಕ್ ಕಳಚಿ ಹೊಸದು ಕೂರುವ ತನಕ ಆ ಜಾಕಿ ಮುಟ್ಟಬಾರದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ.

ಹೊಸ ಶಾಕ್ ಗ್ಯಾಸ್ ಮಾನೋಟ್ಯೂಬ್ (ಒಂದೇ ಕೊಳವೆಯದ್ದು) ಆಗಿದ್ದರೆ ಅದನ್ನು ಒತ್ತಿ ಕಟ್ಟಿರುವ ಪಟ್ಟಿಯನ್ನು ಜಾಗಕ್ಕೆ ಹಿಡಿದ ಮೇಲೆಯೇ ಕತ್ತರಿಸಿ, ಮೊದಲೇ ಕತ್ತರಿಸಿದರೆ ಕೈಯಿಂದ ಒತ್ತಿ ಕೂರಿಸೋದು ಬಲು ಕಷ್ಟ. ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯದ್ದು) ಆದರೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿ ಗಾಳಿ ತೆಗೆಯಿರಿ. ಬುಷ್ ಮತ್ತು ವಾಷರ್ ಹೊಸವೇ ಹಾಕಿ. ಮತ್ತೆ, ಗಾಡಿ ಹಿಂದೆ ಕುಸಿದಿದೆ ಅನ್ನೋದು ಕಸ್ಟಮರ್ ದೂರಾಗಿದ್ದರೆ ಶಾಕ್ ಬದಲಾಯಿಸಿದರೆ ಅದು ಸರಿಹೋಗಲ್ಲ. ಎತ್ತರ ಸ್ಪ್ರಿಂಗಿನದ್ದು. ಇದನ್ನು ಎಸ್ಟಿಮೇಟ್ ಬರೆಯುವವರೇ ಕೇಳಿಕೊಳ್ಳಬೇಕು.

ಟೆಸ್ಟ್ ಡ್ರೈವ್ ಸೀಟ್ ಹಾಕುವ ಮುಂಚೆಯೇ ಮಾಡಿ, ಹಿಂದೆ ಯಾರನ್ನೂ ಕೂರಿಸದೆ. ಮೇಲಿನ ನಟ್ ಸ್ವಲ್ಪ ಸಡಿಲ ಇದ್ದರೂ ಮೊದಲ ಹಂಪ್‌ನಲ್ಲೇ ಟಕ್ ಅನ್ನುತ್ತೆ, ಆಗ ಪಾನಾ ಹಾಕಿ ಬಿಗಿ ಮಾಡೋದು ಎರಡು ನಿಮಿಷದ ಕೆಲಸ. ಬರಿ ತಗಡಿನಿಂದ ಸದ್ದು ಜೋರಾಗಿ ಕೇಳುತ್ತೆ, ಅದು ಅನುಕೂಲವೇ. ಕೀ ತೆಗೆದಾಗ ಎಂಜಿನ್ ನಿಂತಿತಾ, ಡಿಕ್ಕಿ ಲಾಕ್ ಬಿತ್ತಾ ಅಂತಲೂ ಆಗಲೇ ನೋಡಿ. ಎಲ್ಲ ಸರಿಯಿದ್ದರೆ ಎರಡೂ ರಬ್ಬರ್ ಕ್ಯಾಪ್ ಹಾಕಿ, ಬೆನ್ನು ಕೊಕ್ಕೆಗೆ ಇಳಿಸಿ, ಸೀಟ್ ಬೆಲ್ಟ್ ಬಕಲ್‌ಗಳನ್ನು ಮೇಲಕ್ಕೆ ಎಳೆದುಕೊಂಡ ಮೇಲೆ ಕುಷನ್ ಕೂರಿಸಿ. ಬಕಲ್ ಅಡಿಗೆ ಸಿಕ್ಕಿಕೊಂಡರೆ ಕುಷನ್ ಮತ್ತೆ ಎತ್ತಬೇಕು.