ಕಳ್ಳದಾರಿ ಮುಚ್ಚುವುದು ಹೇಗೆ?

ಕ್ಯಾಲಿಫೋರ್ನಿಯಾದ ಲಗೂನಾ ಬೀಚ್ ಊರಿನ ಬೆನ್ನಿಗಿರುವ ಗುಡ್ಡಸಾಲಿನಲ್ಲಿ ಸುಮಾರು 7,000 ಎಕರೆಯ ಲಗೂನಾ ಕೋಸ್ಟ್ ವಿಲ್ಡರ್‌ನೆಸ್ ಪಾರ್ಕ್ ಇದೆ. ಇಲ್ಲಿ ಮನೆಗಳು ಏಳದಿರಲಿ ಎಂದು 1990ರಲ್ಲಿ ಊರಿನವರು ಮತ ಹಾಕಿ, 2 ಕೋಟಿ ಡಾಲರ್ ಸಾಲದ ಹೊರೆಯನ್ನು ತಾವೇ ಹೊತ್ತರು. ಪಾರ್ಕ್ ನೋಡಿಕೊಳ್ಳುವುದು ಆರೆಂಜ್ ಕೌಂಟಿಯ ಇಲಾಖೆ. ಮಕ್ಕಳ ನಡಿಗೆ, ಕಳೆ ಕೀಳುವುದು, ದಾರಿ ದುರಸ್ತಿಗೆ ಹೆಗಲು ಕೊಡುವುದು ಲಗೂನಾ ಕ್ಯಾನ್ಯನ್ ಫೌಂಡೇಶನ್ ಎಂಬ ಸೇವಾಸಂಸ್ಥೆ.

ಇಂಥ ಸಂಸ್ಥೆಗಳೆಂದರೆ ಸಸಿ ನೆಡುವವರು ಎಂಬ ಭಾವನೆ ಅನೇಕರಿಗಿದೆ. ಸಸಿ ನೆಡಲು ಜನ ಸಿಗುತ್ತಾರೆ. ಬೆವರಿಳಿಸುವುದು ಕಳ್ಳದಾರಿ, ಅಂದರೆ ಜನ ಅಡ್ಡಹಾಯ್ದು ತುಳಿದು ತಾವೇ ಮಾಡಿಕೊಂಡ ದಾರಿ.

ಬರೀ ಫಲಕ ನೆಟ್ಟರೆ ಯಾರೂ ಕೇಳುವುದಿಲ್ಲ. ಮೊದಲು ಆ ದಾರಿ ಯಾಕೆ ಹುಟ್ಟಿತು ಅಂತ ನೋಡಬೇಕು. ಎಷ್ಟೋ ಸಲ ಕಾರಣ ಮುಖ್ಯ ದಾರಿಯಲ್ಲಿ ನಿಂತ ನೀರು: ಜನ ಕೆಸರು ತಪ್ಪಿಸಿ ಪಕ್ಕಕ್ಕೆ ಸರಿಯುತ್ತಾರೆ, ಅದೇ ದಾರಿಯಾಗುತ್ತದೆ. ದಾರಿಯ ಹೊರ ಅಂಚು ಶೇ. 5ರಷ್ಟು ತಗ್ಗಿರಬೇಕು, ಅಂದರೆ ಒಂದು ಮೀಟರ್ ಅಗಲಕ್ಕೆ 5 ಸೆಂ.ಮೀ. ಇದನ್ನು ಸರಿಮಾಡದೆ ಕಳ್ಳದಾರಿ ಮುಚ್ಚಿದರೆ, ಎರಡು ಮಾರು ಆಚೆ ಇನ್ನೊಂದು ಹುಟ್ಟುತ್ತದೆ.

ಆಮೇಲೆ ತುಳಿದು ಗಟ್ಟಿಯಾದ ನೆಲವನ್ನು 10ರಿಂದ 15 ಸೆಂ.ಮೀ. ಆಳ ಸಡಿಲಿಸಬೇಕು, ಇಳಿಜಾರಿಗೆ ಅಡ್ಡಲಾಗಿ. ಇಳಿಜಾರಿನ ಉದ್ದಕ್ಕೆ ಕೆದಕಿದರೆ ಮಳೆನೀರಿಗೆ ನೀವೇ ಕಾಲುವೆ ತೋಡಿಕೊಟ್ಟಂತೆ. ಮಣ್ಣು ಹಸಿಯಿರಬೇಕು, ಕೈಗೆ ಮೆತ್ತಿಕೊಳ್ಳಬಾರದು.

ಕೊನೆಗೆ ಒಣಕೊಂಬೆ. ಹೊಸಬರು ಇದನ್ನು ರಾಶಿ ಹಾಕಿಬಿಡುತ್ತಾರೆ. ಸೈಕಲ್‌ನವರು ಎತ್ತಿ ಬದಿಗಿಟ್ಟು ಹೋಗುತ್ತಾರೆ. ಕೊಂಬೆಯ ಮೂರನೇ ಒಂದು ಪಾಲು ಮಣ್ಣಲ್ಲಿ ಹೂತು ನೆಟ್ಟಗೆ ನಿಲ್ಲಿಸಿ, ದೂರದಿಂದ ಪೊದೆಯಂತೆ ಕಾಣುತ್ತದೆ. ಮುಖ್ಯ ದಾರಿಯಲ್ಲಿ ನಿಂತವರ ಕಣ್ಣು ಹೋಗುವಷ್ಟು ದೂರ ಮಾತ್ರ ಸಾಕು, ಆದರೆ ಎರಡೂ ತುದಿಯಲ್ಲಿ. ಒಂದೇ ತುದಿ ಮುಚ್ಚಿದರೆ ಆ ಕಡೆಯಿಂದ ಬಂದವರು ನಿಮ್ಮ ಕೊಂಬೆ ತುಳಿದುಕೊಂಡೇ ಹೊರಬೀಳುತ್ತಾರೆ.

ಕಳೆಯಲ್ಲಿ ಸಮಯದ್ದೇ ಆಟ. ಹೊರಗಿನಿಂದ ಬಂದ ಕಪ್ಪು ಸಾಸಿವೆಯನ್ನು ಚಳಿಗಾಲದ ಮಳೆಯ ಬೆನ್ನಿಗೇ, ಹೂ ಬಿಡುವ ಮುಂಚೆ ಕೀಳಬೇಕು. ಕಾಯಿ ಕಟ್ಟಿದ ಮೇಲೆ ಕಿತ್ತು ಅಲ್ಲೇ ಎಸೆದರೆ ಬಿತ್ತನೆ ಮಾಡಿದಂತೆಯೇ. ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ತಡಮಾಡಿದರೆ ಇನ್ನೊಂದು ತೊಡಕಿದೆ. ಬೆಕ್ಕಿನ ಮರಿಯಂತೆ ಮಿಯಾಂವ್ ಅನ್ನುವ ಪುಟ್ಟ ಬೂದು ಹಕ್ಕಿ, ಕ್ಯಾಲಿಫೋರ್ನಿಯಾ ನ್ಯಾಟ್‌ಕ್ಯಾಚರ್, ಫೆಬ್ರವರಿ ನಡುವಿನಿಂದ ಆಗಸ್ಟ್‌ವರೆಗೆ ಈ ಕುರುಚಲಲ್ಲೇ ಗೂಡು ಕಟ್ಟುತ್ತದೆ. 1993ರಿಂದ ಅದಕ್ಕೆ ಫೆಡರಲ್ ಕಾನೂನಿನ ರಕ್ಷಣೆಯಿದೆ. ಆ ತಿಂಗಳುಗಳಲ್ಲಿ ಪೊದೆಗೆ ನುಗ್ಗುವ ಮುಂಚೆ ಇಲಾಖೆಯ ಜೀವಶಾಸ್ತ್ರಜ್ಞರನ್ನು ಕೇಳಲೇಬೇಕು. ಆರ್ಟಿಚೋಕ್ ಥಿಸಲ್ ಎಂಬ ಮುಳ್ಳುಗಿಡವನ್ನಂತೂ ಸ್ವಯಂಸೇವಕರ ಕೈಗೆ ಕೊಡಲೇಬೇಡಿ. ಅದರ ತಾಯಿಬೇರು ತುಂಡಾಗಿ ಒಳಗುಳಿದರೆ ಮತ್ತೆ ಚಿಗುರುತ್ತದೆ.

ಮಕ್ಕಳ ನಡಿಗೆಗೆ ಭಾಷಣ ಬೇಡ, ಎರಡು ಬಾಟಲಿ ನೀರು ಸಾಕು. ಒಂದನ್ನು ಕಳ್ಳದಾರಿಯ ಮೇಲೆ, ಇನ್ನೊಂದನ್ನು ಪಕ್ಕದ ಪೊದೆಯ ಬುಡಕ್ಕೆ ಸುರಿಸಿ. ಒಂದು ಕಡೆ ನೀರು ಧೂಳು ಹೊತ್ತು ಇಳಿಜಾರಿಗೆ ಓಡುತ್ತದೆ, ಇನ್ನೊಂದು ಕಡೆ ಅಲ್ಲೇ ಇಂಗುತ್ತದೆ. ಎರಡರ ನಡುವಿನ ಅಂತರ ಒಂದು ಹೆಜ್ಜೆ.