ಮಾರಿದ ಮನೆಯಲ್ಲಿ 11 ದಿನ

20ನೇ ತಾರೀಖು, ಶುಕ್ರವಾರ. ಕ್ರಯಪತ್ರಕ್ಕೆ ಸಹಿ ಹಾಕಿ ನೋಂದಣಿ ಕಚೇರಿಯಿಂದ ಹೊರಬಂದಾಗ ಮಧ್ಯಾಹ್ನ 12 ದಾಟಿತ್ತು. ಅಲ್ಲಿಂದ ಸೀದಾ ಮನೆಗೆ ಬಂದು, ಅದೇ ಬೀಗ ತೆಗೆದು, ಅದೇ ಒಲೆಯ ಮೇಲೆ ಅನ್ನಕ್ಕಿಟ್ಟೆ. ಮನೆ ಮಾತ್ರ ನಮ್ಮದಾಗಿರಲಿಲ್ಲ. ಇನ್ನು 11 ದಿನ, ಮಾರಿದ ಮನೆಯಲ್ಲೇ ನಮ್ಮ ವಾಸ.

ಮೊದಲು ಅಂದುಕೊಂಡಿದ್ದೇ ಬೇರೆ. ಮಾವನವರಿಗೆ ಮಂಡಿನೋವು ಜಾಸ್ತಿಯಾಗಿ ಮೂರನೇ ಮಹಡಿ ಹತ್ತಲಾಗದೆ, ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ನೆಲಮಟ್ಟದ ಮನೆಯೊಂದು ಬೇಕೇಬೇಕಿತ್ತು. ಇದ್ದದ್ದನ್ನು ಮಾರದೆ ಇನ್ನೊಂದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹೊಸ ಮನೆಗೆ ಸಾಲ ಕೊಡಲು ಬ್ಯಾಂಕ್ ಒಪ್ಪಿತ್ತು, ಆದರೆ ನಮ್ಮ ಪಾಲಿನ ಹಣ ಮೊದಲು ಕಟ್ಟಿದ ಮೇಲೆಯೇ ಅವರ ಪಾಲು ಬಿಡುಗಡೆ. ಆ ನಮ್ಮ ಪಾಲು ಅನ್ನುವುದು ಈ ಹಳೇ ಮನೆಯ ಗೋಡೆಗಳೊಳಗೇ ಇತ್ತು. ಹಾಗಾಗಿ ಎರಡೂ ನೋಂದಣಿ ಒಂದೇ ದಿನ ಅಂತ ತೀರ್ಮಾನಿಸಿದೆವು: 18ರ ಬೆಳಿಗ್ಗೆ ಮಾರುವುದು, ಮಧ್ಯಾಹ್ನ 3ಕ್ಕೆ ಕೊಳ್ಳುವುದು. ಬಾಡಿಗೆ ಮನೆಯ ಗೋಜಿಲ್ಲ, ಸಾಮಾನು ಎರಡೆರಡು ಸಲ ಕಟ್ಟಿ ಬಿಚ್ಚುವ ಕಷ್ಟವಿಲ್ಲ.

ಈ ಯೋಜನೆ ಕೇಳಿದ ನಮ್ಮ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: “ಬೆಳಿಗ್ಗೆ ಕೈಗೆ ಬಂದ ಡಿಡಿ ಮಧ್ಯಾಹ್ನದೊಳಗೆ ಹಣ ಆಗುತ್ತಾ?” ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಖಾತೆಗೆ ಹಾಕಿ, ಅದು ಜಮೆಯಾಗಿ, ಆಮೇಲಷ್ಟೇ ಇನ್ನೊಬ್ಬರಿಗೆ ಕೊಡಬಹುದು. ನೇರ ವರ್ಗಾವಣೆಯೇ ಮಾಡಿಸಿಕೊಂಡರೂ, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಇಂತಿಷ್ಟೇ ಕಳಿಸಬಹುದು ಅನ್ನುವ ಮಿತಿ ಇರುತ್ತದೆ. ಅವರ ಒತ್ತಾಯಕ್ಕೆ ಎರಡೂ ಕರಾರಿನಲ್ಲಿ ಒಂದೊಂದು ಸಾಲು ಸೇರಿಸಿದೆವು: ಗಡುವು ಮುಗಿದರೂ 15 ದಿನದವರೆಗೆ ಕರಾರು ಬೀಳುವುದಿಲ್ಲ, ಮುಂಗಡ ಮುಟ್ಟುಗೋಲಾಗುವುದಿಲ್ಲ. ಬರೆಸುವಾಗ ಅದು ಅತಿ ಎಚ್ಚರಿಕೆ ಅನ್ನಿಸಿತ್ತು. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದೇ ಆ ಸಾಲಿನ ವಿಷಯ.

17ರ ಸಂಜೆ ಫೋನ್ ಬಂತು. ನಮ್ಮ ಮನೆ ಕೊಳ್ಳುವವರ ಬ್ಯಾಂಕಿನಲ್ಲಿ ಒಂದು ಸಹಿ ಬಾಕಿ, ಸಾಲದ ಹಣ 20ಕ್ಕೇ ಸಿಗುವುದು. ಅವರು ಗಂಡ ಹೆಂಡತಿ, ಆಕೆಗೆ ಏಳು ತಿಂಗಳು ತುಂಬಿತ್ತು. ನಮಗಿಂತ ಆತುರ ಅವರಿಗೇ ಇತ್ತು. ಅವರ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ನಾವು ಕೊಳ್ಳಬೇಕಿದ್ದ ಮನೆಯ ಯಜಮಾನಿಗೆ ಫೋನ್ ಮಾಡುವಾಗ ಮಾತ್ರ ಕೈ ನಡುಗಿತು. ಅವರು ಮಗನ ಮನೆಗೆ ಹೊರಟಿದ್ದ ಹಿರಿಯರು, 19ಕ್ಕೆ ಲಾರಿ ಹೇಳಿಬಿಟ್ಟಿದ್ದರು.

“ಅಮ್ಮಾ, ನಾಳೆ ಆಗುತ್ತಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಕೊಳ್ಳೋದು ಬಿಡ್ತಿಲ್ಲ ತಾನೇ?”

“ಇಲ್ಲಮ್ಮ, ತಾರೀಖು ಅಷ್ಟೇ.”

“ಹಾಗಾದರೆ ಸರಿ. ನನ್ನ ಪಾತ್ರೆಪಗಡ ಮತ್ತೆ ಬಿಚ್ಚಿಕೊಳ್ಳಬೇಕು, ಅಷ್ಟೇ ತಾನೆ.”

ಅವರ ಅಡುಗೆಮನೆ ಅಷ್ಟೊತ್ತಿಗಾಗಲೇ ಮೂಟೆ ಕಟ್ಟಿ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು. ಒಂದು ಬ್ಯಾಂಕಿನಲ್ಲಿ ಒಂದು ಸಹಿ ತಡವಾದರೆ ಮೂರು ಮನೆಗಳ ಒಲೆ ಅಲುಗುತ್ತದೆ. ನಾನು ಅಲ್ಲಿಯವರೆಗೆ ನಮ್ಮ ಮನೆಯೊಂದನ್ನೇ ಲೆಕ್ಕ ಹಾಕಿದ್ದೆ.

ಆ ರಾತ್ರಿಯೇ ಲೆಕ್ಕ ಬದಲಿಸಿದೆವು. ಒಂದೇ ದಿನದ ಹಟ ಬಿಟ್ಟು, ಮಾರುವುದು 20, ಕೊಳ್ಳುವುದು 24, ನಾವು ಮನೆ ಬಿಡುವುದು 31. ಮಧ್ಯದ 11 ದಿನ ಇಲ್ಲೇ ಇರಲು ಬಿಡುತ್ತೀರಾ ಅಂತ ಕೊಳ್ಳುವವರನ್ನೇ ಕೇಳಿದೆ. ಹೆಂಡತಿ ಕೂಡಲೇ ಒಪ್ಪಿದಳು. ಗಂಡ ಸುಮ್ಮನಿದ್ದ. ಪೂರ್ತಿ ಹಣ ಕೊಟ್ಟ ಮೇಲೂ ಮಾರಿದವರು ಒಳಗೇ ಕೂತಿದ್ದರೆ ಯಾರಿಗಾದರೂ ಅಳುಕು ಸಹಜ. ಅದಕ್ಕೆ ವಕೀಲರು ದಾರಿ ತೋರಿಸಿದರು: ಕೊನೆಯ ಕಂತಿನಲ್ಲಿ ಒಂದು ಪಾಲು ಅವರ ಬಳಿಯೇ ಇರಲಿ, ಕೀಲಿ ಕೊಟ್ಟ ದಿನ ನಮಗೆ ಬರಲಿ. 31ರವರೆಗಿನ ಕರೆಂಟು, ನೀರಿನ ಬಿಲ್ ನಮ್ಮದು. ಏನಾದರೂ ಒಡೆದರೆ, ಕೆಟ್ಟರೆ ಅದೂ ನಮ್ಮದೇ. ಒಂದೂವರೆ ಪುಟದ ಕಾಗದ, ಎರಡೂ ಕಡೆಯ ಸಹಿ. ಒಳ್ಳೆಯವರ ನಡುವೆ ಕಾಗದ ಯಾಕೆ ಅನ್ನುವವರಿದ್ದಾರೆ. ಆ ಕಾಗದಕ್ಕೆ ಸಹಿ ಬಿದ್ದ ಮೇಲೆಯೇ ಆ ಹುಡುಗನ ಮುಖ ಸಡಿಲವಾಗಿ, ನಮ್ಮ ಜೊತೆ ನಗುತ್ತ ಮಾತಾಡಲು ಶುರುಮಾಡಿದ್ದು. ನಾನು ಕಾಗದದ ಪಕ್ಷವೇ.

20ರ ಬೆಳಿಗ್ಗೆ ಇನ್ನೊಂದು ಗಂಟು. ನಮ್ಮ ಹಳೇ ಸಾಲ ತೀರಿಸಲು ಬ್ಯಾಂಕ್ ಬರೆದುಕೊಟ್ಟಿದ್ದ ಬಾಕಿ ಮೊತ್ತ 18ರವರೆಗಿನದು. ಡಿಡಿಯೂ ಅಷ್ಟಕ್ಕೇ ತೆಗೆಸಲಾಗಿತ್ತು. ಎರಡು ದಿನದ ಬಡ್ಡಿ ಕಡಿಮೆ! ಸಣ್ಣ ಮೊತ್ತವೇ, ಆದರೆ ಅದು ಕಟ್ಟದಿದ್ದರೆ ಸಾಲದ ಖಾತೆ ಮುಚ್ಚುವುದಿಲ್ಲ. ಖಾತೆ ಮುಚ್ಚದೆ ಮನೆಯ ಮೂಲಪತ್ರ ಹೊರಗೆ ಬರುವುದಿಲ್ಲ. ಮೂಲಪತ್ರ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲದೆ ಕೊಳ್ಳುವವರ ಬ್ಯಾಂಕ್ ಹಣ ಬಿಡುವುದಿಲ್ಲ. ದಿನಕ್ಕೆ ಎಷ್ಟು ಬಡ್ಡಿ ಅನ್ನುವುದು ಆ ಪತ್ರದ ಕೆಳಗೇ ಬರೆದಿತ್ತು. ನಮ್ಮವರು ಅಲ್ಲೇ ನಿಂತು ಗುಣಿಸಿ, ಬ್ಯಾಂಕಿಗೆ ಓಡಿ, ಕಟ್ಟಿ ಬಂದರು. ಸಾಲ ತೀರಿದೆ, ಮೂಲಪತ್ರ ಇಷ್ಟು ದಿನದೊಳಗೆ ಕೊಡುತ್ತೇವೆ ಅಂತ ಬ್ಯಾಂಕ್ ಕೊಟ್ಟ ಪತ್ರ ಹಿಡಿದುಕೊಂಡು ಅವರು ಒಳಗೆ ಬಂದ ಮೇಲೆಯೇ ನಮ್ಮ ಸರದಿ ಕೂಗಿದ್ದು. ಮುಂದೆ ಶನಿವಾರ, ಭಾನುವಾರ. ಅವತ್ತು ತಪ್ಪಿದ್ದರೆ ಸೋಮವಾರಕ್ಕೇ ಹೋಗಬಹುದಿತ್ತು. ವಾರದ ಕೊನೆಗೆ ನೋಂದಣಿ ಇಟ್ಟುಕೊಳ್ಳಬೇಡಿ, ಮಂಗಳವಾರವೋ ಬುಧವಾರವೋ ಇರಲಿ.

24ರ ಕೆಲಸ ನೀರು ಹರಿದ ಹಾಗೆ ಆಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹಣ ಖಾತೆಯಲ್ಲಿತ್ತು, ಮೊದಲ ದಿನದ ಆ ಮಿತಿಯೂ ಕಳೆದಿತ್ತು, ಅಷ್ಟೇ. ಆ ಅಮ್ಮ 28ಕ್ಕೆ ಮನೆ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಅವರೂ ನನ್ನಂತೆಯೇ, ಮಾರಿದ ಮನೆಯಲ್ಲಿ.

ನನಗೆ ಮರೆಯಲಾಗದ್ದು ಆ ಮಧ್ಯದ ದಿನಗಳು. ಅತ್ತೆಯವರ ಫೋಟೋದ ಮೊಳೆ ಒಂದು ರಾತ್ರಿ ಸಡಿಲವಾಗಿ, ಫೋಟೋ ವಾಲಿತು. ಸುತ್ತಿಗೆ ಹಿಡಿದು ನಿಂತವಳು ಹಾಗೇ ಕೆಳಗಿಟ್ಟೆ. ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯುವುದು ಹೇಗೆ? ಫೋಟೋವನ್ನು ಮಾವನವರ ಮಂಚದ ಪಕ್ಕದ ಕುರ್ಚಿಯ ಮೇಲಿಟ್ಟೆ. ಅವರು ನೋಡಿ, “ಅವಳೂ ಹೊರಡೋಕೆ ರೆಡಿ ಆದಳು ಬಿಡಮ್ಮ” ಅಂದರು. 19 ವರ್ಷ ಇದ್ದ ಮನೆಯಲ್ಲಿ ಮೆಲ್ಲಗೆ ಬಾಗಿಲು ಹಾಕಲು ಶುರುಮಾಡಿದ್ದೆವು ನಾವೆಲ್ಲ, ನೆಂಟರ ಮನೆಯಲ್ಲಿದ್ದ ಹಾಗೆ.

31ರ ಬೆಳಿಗ್ಗೆ ಮೀಟರಿನ ಫೋಟೋ ತೆಗೆದು, ಖಾಲಿ ಕೋಣೆಗಳನ್ನು ಅವರ ಜೊತೆ ಒಂದು ಸುತ್ತು ನೋಡಿ, ಕೀಲಿ ಕೊಟ್ಟೆ. ಉಳಿದಿದ್ದ ಹಣ ನಿಂತ ನಿಲುವಿನಲ್ಲೇ ಬಂತು.

ಅವತ್ತು ರಾತ್ರಿ 10ಕ್ಕೆ ಆ ಹುಡುಗಿಯ ಫೋನ್. “ಅಕ್ಕಾ, ಬಚ್ಚಲಲ್ಲಿ ನಲ್ಲಿ ನಿಲ್ಲುತ್ತಿಲ್ಲ, ನೀರು ಸುರೀತಾ ಇದೆ. ಏನು ಮಾಡಲಿ?”

ಹೊಸ ಮನೆಯ ನಡುಮನೆಯಲ್ಲಿ ಕತ್ತಲಲ್ಲಿ ನಿಂತಿದ್ದೆ. ಯಾವ ಸ್ವಿಚ್ ಒತ್ತಿದರೆ ಯಾವ ದೀಪ ಅಂತ ಇನ್ನೂ ಗೊತ್ತಿರಲಿಲ್ಲ. “ಬಾಗಿಲ ಹಿಂದೆ, ಮಂಡಿಯೆತ್ತರದಲ್ಲಿ ಒಂದು ವಾಲ್ವ್ ಇದೆ ನೋಡಮ್ಮ. ಬಗ್ಗಬೇಡ, ನಿನ್ನ ಗಂಡನಿಗೆ ಹೇಳು. ಮೊದಲು ಸ್ವಲ್ಪ ಬಿಗಿ ಅನ್ನಿಸುತ್ತೆ, ಒಳಕ್ಕೆ ಒತ್ತಿಕೊಂಡು ಬಲಕ್ಕೆ ತಿರುಗಿಸಬೇಕು. ಇನ್ನೂ. ಇನ್ನೊಂಚೂರು.”

ಹೇಳುತ್ತ ಹೇಳುತ್ತ ನನ್ನ ಬಲಗೈ ಗಾಳಿಯಲ್ಲೇ ತಿರುಗುತ್ತಿತ್ತು. ಆ ಕಡೆ ನೀರಿನ ಸದ್ದು ನಿಂತಿತು.