ಇನ್‌ಬಾಕ್ಸ್ ನೋಡಿ ಎನ್ನುವುದನ್ನು ಬಿಟ್ಟ ಮೇಲೆ

ಇಳಕಲ್ ಸೀರೆ ಮಾರುವ ಒಂದು ಅಂಗಡಿಯ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೂರುವುದು ಬೆಂಗಳೂರಿನಲ್ಲಿ, ಅಂಗಡಿ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ಹೆಚ್ಚುಕಡಿಮೆ ತಪ್ಪೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಶ್ರಾವಣದಲ್ಲಿ ಮಾಡಿದ ಸ್ಪರ್ಧೆ. ಪುಟವನ್ನು ಫಾಲೋ ಮಾಡಿ, ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ, ಒಂದು ಸೀರೆ ಗೆಲ್ಲಿ ಎಂದು ಹಾಕಿದೆ. ಕಮೆಂಟುಗಳು ಸುರಿದವು, ನಾನು ಹಿಗ್ಗಿದೆ. ಗೆದ್ದವರ ಹೆಸರು ಪ್ರಕಟಿಸಿದ ಮರುದಿನದಿಂದಲೇ ಜನ ಜಾಗ ಖಾಲಿ ಮಾಡತೊಡಗಿದರು. ಉಳಿದವರಲ್ಲಿ ಬಹಳಷ್ಟು ಮಂದಿ ಕುಕ್ಕರ್, ಮಿಕ್ಸಿ, ಸೀರೆ ಏನೇ ಇರಲಿ, ಬಹುಮಾನ ಇರುವಲ್ಲೆಲ್ಲ ಹೆಸರು ಕೊಡುವವರು. ನಮ್ಮ ಮುಂದಿನ ಪೋಸ್ಟನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಫಾಲೋ ಮಾಡಿದವರೇ ನೋಡದೆ ದಾಟಿಹೋಗುವ ಪೋಸ್ಟನ್ನು ಈ ಜಾಲತಾಣಗಳು ಬೇರೆಯವರಿಗೆ ಏಕೆ ತೋರಿಸುತ್ತವೆ? ಲೈಕ್ ಮಾಡಿ, ಟ್ಯಾಗ್ ಮಾಡಿ ಎಂದು ಗೋಗರೆಯುವ ಪೋಸ್ಟುಗಳನ್ನು ಕೆಳಕ್ಕೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿತ್ತು. ನಾನು ಅದನ್ನು ಓದಿದ್ದು ಸ್ಪರ್ಧೆ ಮುಗಿದ ಮೇಲೆ.

ಅಂಗಡಿಯ ಯಜಮಾನರು ಒಂದೇ ಮಾತು ಕೇಳಿದರು: “ಅಲ್ಲ ಮೇಡಂ, ಈ ಲೈಕುಗಳಿಂದ ನೇಕಾರರಿಗೆ ಕೂಲಿ ಕೊಡಲು ಬರುತ್ತದೆಯೇ?”

ಆಮೇಲೆ ಇಳಕಲ್‌ಗೆ ಹೋದೆ. ಹೊಸ ಸೀರೆಗಳ ಫೋಟೊ ತೆಗೆಯುವುದಷ್ಟೇ ಉದ್ದೇಶವಾಗಿತ್ತು. ಒಬ್ಬ ನೇಕಾರರ ಮನೆಯಲ್ಲಿ ಚಹಾ ಬರುವವರೆಗೆ ಸುಮ್ಮನೆ ಮೊಬೈಲ್ ಹಿಡಿದೆ. ಮನೆಯ ಹಿರಿಯ ಹೆಂಗಸು ಮಗ್ಗದ ಮುಂದೆ ಕೂತು ಎಳೆಗೆ ಎಳೆ ಕೂಡಿಸುತ್ತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸಬೇಕು. ಆದ್ದರಿಂದ ಹತ್ತಾರು ಸೀರೆಗೆ ಸಾಲುವಷ್ಟು ಉದ್ದದ ಹಾಸನ್ನು ಒಮ್ಮೆಲೇ ಬಿಗಿದು ಒಂದರ ಹಿಂದೊಂದು ನೇಯಲು ಬರುವುದಿಲ್ಲ. ಪ್ರತಿ ಸೀರೆಗೂ ಹೊಸ ಜೋಡಣೆ. ಅವರ ಬೆರಳು ನನ್ನ ಕಣ್ಣಿಗಿಂತ ವೇಗವಾಗಿ ಓಡುತ್ತಿತ್ತು. ಪಕ್ಕದ ಮನೆಯ ಮಗ್ಗದ ಸದ್ದು, ಎಲ್ಲೋ ಒಂದು ಕೋಳಿಯ ಕೂಗು, ಎಲ್ಲವೂ ದಾಖಲಾಗಿತ್ತು. ಹಿನ್ನೆಲೆ ಸಂಗೀತ ಹಾಕದೆ ಹಾಗೆಯೇ ಏರಿಸಿದೆ. ಟೋಪ ತೆನಿ ಎಂದರೆ ಇಳಕಲ್ ಸೆರಗಿನ ಸಾಂಪ್ರದಾಯಿಕ ವಿನ್ಯಾಸ. ಕೆಳಗೆ ಬರೆದದ್ದು ಇಷ್ಟೇ: ಈ ಟೋಪ ತೆನಿ ಸೆರಗಿನ ಸೀರೆ ನಿಮ್ಮ ಮನೆಯಲ್ಲಿ ಮೊದಲು ಯಾರು ಉಟ್ಟಿದ್ದರು?

ಆ ರಾತ್ರಿ ಫೋನ್ ಕೆಳಗಿಡಲು ಆಗಲಿಲ್ಲ. ಅಜ್ಜಿಯ ಒಂಬತ್ತು ಗಜದ ಸೀರೆ, ಅವ್ವನ ಸೀಮಂತದ ಸೀರೆ, ಹರಿದ ಮೇಲೆ ಕೌದಿಯಾದ ಸೀರೆ. ಪುಣೆಯಿಂದ ಒಬ್ಬರು ಟ್ರಂಕಿನಿಂದ ತೆಗೆದ ಸೆರಗಿನ ಫೋಟೊ ಹಾಕಿದರು. ಮಡಿಕೆಯ ಗೆರೆಗಳಲ್ಲಿ ಕೆಂಪು ಮಾಸಿತ್ತು. ತೆನೆ ಎಂದರೆ ಜೋಳದ ತೆನೆಯೇ, ಕೋಟೆಯ ತೆನೆಯೇ ಎಂದು ಇಬ್ಬರು ಬೆಳಗಿನವರೆಗೆ ಜಗಳವಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಸೀರೆ ಹೇಗಿದೆ ಎಂದು ಕೇಳಿದಾಗಲೆಲ್ಲ ನಮಗೆ ಸಿಕ್ಕಿದ್ದು “ಸೂಪರ್” ಎಂಬ ಒಂದು ಪದ. ಯಾರು ಉಟ್ಟಿದ್ದರು ಎಂಬ ಪ್ರಶ್ನೆಗೆ ಅವರವರ ಮನೆಯವರೇ ಉತ್ತರ ಹೇಳಬೇಕು.

ಬೆಲೆಯ ವಿಷಯಕ್ಕೆ ಯಜಮಾನರೊಂದಿಗೆ ವಾದವೇ ನಡೆಯಿತು. ಬೆಲೆ ಕೇಳಿದವರಿಗೆಲ್ಲ “ಇನ್‌ಬಾಕ್ಸ್ ನೋಡಿ” ಎಂದು ಅಂಟಿಸುವುದು ನಮ್ಮ ಪದ್ಧತಿಯಾಗಿತ್ತು. ಎದುರಂಗಡಿಯವರು ನೋಡಿಬಿಡುತ್ತಾರೆ ಎಂಬುದು ಅವರ ಅಂಜಿಕೆ. ಎದುರಂಗಡಿಯವರು ಯಾರನ್ನಾದರೂ ಕಳಿಸಿ ಕೇಳಿಸಲಾರರೇ ಎಂದೆ. ಕೊನೆಗೆ ಬಹಿರಂಗವಾಗಿಯೇ ಬರೆದೆವು. ಇಷ್ಟೇಕೆ ಎಂದು ಕೇಳಿದವರಿಗೆ ನೂಲಿನ ದರ, ಕೂಲಿ, ಜೋಡಣೆಗೆ ಹಿಡಿಯುವ ಹೊತ್ತು ಎಲ್ಲವನ್ನೂ ಯಜಮಾನರೇ ಉತ್ತರಿಸತೊಡಗಿದರು. ಗಲ್ಲೆಯ ಮುಂದೆ ಕೂತು ಮಾತಾಡುವ ಧಾಟಿ ಅವರದು. ನನ್ನ ಜಾಹೀರಾತಿನ ಭಾಷೆಗಿಂತ ಎಷ್ಟೋ ಮೇಲು.

ಒಮ್ಮೆ ಒಬ್ಬರು ಬರೆದರು: ಇದು ಪವರ್‌ಲೂಮ್ ಸೀರೆ, ಕೈಮಗ್ಗ ಎಂದು ಹೇಳಿ ಮೋಸ ಮಾಡುತ್ತಿದ್ದೀರಿ. ನನ್ನ ಬೆರಳು ಅಳಿಸುವ ಗುಂಡಿಯ ಮೇಲಿತ್ತು. ಯಜಮಾನರು ಬೇಡವೆಂದರು. ಮರುದಿನ ಬೆಳಿಗ್ಗೆಯೇ ನೇಕಾರರ ಮನೆಗೆ ಹೋಗಿ, ಇನ್ನೂ ಮಗ್ಗದ ಮೇಲಿದ್ದ ಅದೇ ಬಣ್ಣದ ಸೀರೆ, ಲಾಳಿ ಹಿಡಿದ ಕೈ, ಕಾಲ ಕೆಳಗಿನ ಗುಣಿ ಎಲ್ಲವನ್ನೂ ಅಲುಗಾಡುವ ವಿಡಿಯೊದಲ್ಲಿ ತೋರಿಸಿ ಆ ಕಮೆಂಟಿನ ಕೆಳಗೇ ಹಾಕಿದರು. ಎದುರಿನವರು ಕ್ಷಮೆ ಕೇಳಲಿಲ್ಲ. “ಸರಿ, ಗಿರಿಕುಂಕುಮ ಬಣ್ಣದ್ದು ಇದೆಯೇ?” ಎಂದರು.

ಈಗ ಆ ಕಮೆಂಟು ಹಾಕಿದವರೇ ನಮ್ಮ ಪುಟದ ಕಾವಲುಗಾರರಂತೆ. ದಡಿ, ಅಂದರೆ ಸೀರೆಯ ಅಂಚಿನ ವಿನ್ಯಾಸಕ್ಕೆ ಬೇರೆ ಬೇರೆ ಹೆಸರುಗಳಿವೆ. ಕಳೆದ ವಾರ ನಾನು ಗೋಮಿ ದಡಿ ಎಂದು ಬರೆದಿದ್ದ ಸೀರೆಯ ಕೆಳಗೆ, “ಮೇಡಂ, ಇದು ಗೋಮಿ ಅಲ್ಲ, ಚಿಕ್ಕಿ” ಎಂದು ಹಾಕಿದ್ದರು. ಯಜಮಾನರಿಗೆ ಫೋನ್ ಮಾಡಿ ಕೇಳಿದೆ. ಅವರು ನಕ್ಕು, “ತಿದ್ದಿಬಿಡಿ” ಎಂದರು.